ವಿಶೇಷ ಇರೋದು ಈ ಕಡೆ

ಮಂಗಳವಾರ ಸಂಜೆ ದಾವಣಗೆರೆಯ ಪಿ.ಬಿ. ರಸ್ತೆಯ ಮಂಡಕ್ಕಿ ಅಂಗಡಿಯೊಂದರ ಬೆಂಚಿನ ಮೇಲೆ ಒಂದು ಐದು ರೂಪಾಯಿ ನಾಣ್ಯ ಬಂದು ಕೂತಿತು. ಆಟೋದವರೊಬ್ಬರು ಖಾಕಿ ಅಂಗಿಯ ಜೇಬಿನಿಂದ ತೆಗೆದದ್ದು, ಪ್ಲಾಸ್ಟಿಕ್ ಕವರಿನೊಳಗೆ ಹತ್ತಿ ಸುತ್ತಿ ಇಟ್ಟಿದ್ದರು. ಒಂದೂವರೆ ಸಾವಿರ ಕೊಟ್ಟು ಕೊಂಡದ್ದಂತೆ. "ಇದಕ್ಕ ಲಖಿ ಅಂತಾರ್ರೀ. ಎರಡು ಲಕ್ಷದ ಮಾಲು." ನಾಲ್ಕು ಸಿಂಹದ ಲಾಂಛನ ಒಂದು ಮುಖದಲ್ಲಿ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಒತ್ತಿಕೊಂಡಿತ್ತು. ಮಗುಚಿ ನೋಡೋಣವೆಂದು ಕೈ ಚಾಚಿದರೆ ತಡೆದರು. "ಆ ಕಡೆ ಏನ್ ನೋಡ್ತೀರಿ? ವಿಶೇಷ ಇರೋದು ಈ ಕಡೆ."

ಮೂರು ದಿನವಾಯಿತು, ಮಾತು ಕಿವಿ ಬಿಟ್ಟು ಹೋಗಿಲ್ಲ. ಆ ನಾಣ್ಯದ ಸುಳ್ಳಿಗೆ ದೊಡ್ಡ ಸಾಕ್ಷಿ ಇದ್ದದ್ದು ಆ ಕಡೆಯಲ್ಲೇ.

ನಾಣ್ಯದ ವ್ಯಾಪಾರಿಗಳು ಲಖಿ ಅನ್ನುವುದು ಬ್ರಾಕೇಜ್‌ಗೆ. ಟಂಕಸಾಲೆಯಲ್ಲಿ ಎರಡು ಅಚ್ಚುಗಳ ನಡುವೆ ಒತ್ತಿದ ನಾಣ್ಯ ಕೆಳಗೆ ಬೀಳದೆ ಒಂದು ಅಚ್ಚಿಗೇ ಅಂಟಿಕೊಂಡು ಉಳಿಯುತ್ತದೆ. ಅಷ್ಟರಲ್ಲಿ ಮುಂದಿನ ಖಾಲಿ ಬಿಲ್ಲೆ ಬಂದು ಕೂರುತ್ತದೆ. ಅದರ ಒಂದು ಮುಖಕ್ಕೆ ಸರಿಯಾದ ಅಚ್ಚು ಸಿಗುತ್ತದೆ, ಇನ್ನೊಂದು ಮುಖಕ್ಕೆ ಅಂಟಿಕೊಂಡ ನಾಣ್ಯವೇ ಅಚ್ಚು. ಹಾಗಾಗಿ ಒಂದು ಕಡೆ ಸಿಂಹ ಉಬ್ಬಿರುತ್ತದೆ, ಇನ್ನೊಂದು ಕಡೆ ಅದೇ ಸಿಂಹ ತಗ್ಗಿಗೆ ಇಳಿದು ತಿರುಗಿರುತ್ತದೆ. ಉಬ್ಬಿದ ಸಿಂಹ ಮಾತ್ರ ಹೊಸ ನಾಣ್ಯದಷ್ಟೇ ಚೂಪಾಗಿರಬೇಕು, ಏಕೆಂದರೆ ಅದನ್ನು ಒತ್ತಿದ್ದು ನಿಜವಾದ ಅಚ್ಚು. ಅಂಟಿಕೊಂಡ ನಾಣ್ಯ ಮತ್ತೆ ಮತ್ತೆ ಪೆಟ್ಟು ತಿಂದು ತೆಳ್ಳಗಾದ ಹಾಗೆ, ಆಮೇಲಿನ ಬಿಲ್ಲೆಗಳ ಮೇಲೆ ತಗ್ಗಿನ ಚಿತ್ರ ಅಗಲವಾಗಿ ಮಸುಕಾಗುತ್ತದೆ. ಎದುರು ಮುಖದ ಚಿತ್ರ ಮಸುಕಾಗುವುದಿಲ್ಲ.

ವರ್ಕ್‌ಶಾಪಿನಲ್ಲಿ ಕಬ್ಬಿಣ ಬಿಗಿಹಿಡಿಯುವ ಬೆಂಚ್ ವೈಸ್‌ನಲ್ಲಿ ಎರಡು ನಾಣ್ಯ ಸೇರಿಸಿ ಬಿಗಿದರೂ ಒಂದರ ಸಿಂಹ ಇನ್ನೊಂದರ ಮೇಲೆ ತಗ್ಗಾಗಿ ಮೂಡುತ್ತದೆ. ಆದರೆ ಹಾಗೆ ಬಿಗಿಯುವಾಗ ಹಿಂದಿನ ಮುಖ ವೈಸಿನ ದವಡೆಗೆ ಒತ್ತಿ ಚಪ್ಪಟೆಯಾಗುತ್ತದೆ. ಚರ್ಮ ಇಟ್ಟು ಬಿಗಿದರೆ ಹಲ್ಲಿನ ಗುರುತು ಬೀಳದೆ ಇರಬಹುದು, ಚಪ್ಪಟೆಯಾಗುವುದು ತಪ್ಪುವುದಿಲ್ಲ. ಒತ್ತಿಸಿಕೊಂಡ ಮುಖದಲ್ಲಿ ಮೊದಲೇ ಇದ್ದ ರೂಪಾಯಿ ಚಿಹ್ನೆ, 5 ಅಂಕಿ ತಗ್ಗಿನ ನಡುವೆ ನೆರಳಿನಂತೆ ಉಳಿದಿರುತ್ತವೆ. ನಿಜವಾದ ಲಖಿಯಲ್ಲಿ ಅವು ಉಳಿಯಲು ಸಾಧ್ಯವೇ ಇಲ್ಲ, ಆ ಬಿಲ್ಲೆ 5ರ ಅಚ್ಚನ್ನು ಮುಟ್ಟಿಯೇ ಇರುವುದಿಲ್ಲ. ತಕ್ಕಡಿ ಇಲ್ಲಿ ಕೆಲಸಕ್ಕೆ ಬರದು, ನಿಜವಿದ್ದರೂ ಸುಳ್ಳಿದ್ದರೂ ಈ ಬಗೆಯ ಐದರ ತೂಕ 6 ಗ್ರಾಂ. ಅಗಲ ಅಳೆಯುವ ವರ್ನಿಯರ್ ಸ್ವಲ್ಪ ಹೇಳುತ್ತದೆ. ಟಂಕಸಾಲೆಯಲ್ಲಿರುವಂತೆ ಅಂಚನ್ನು ಹಿಡಿಯುವ ಬಳೆಯಿಲ್ಲದೆ ಹಿಸುಕಿದ್ದರಿಂದ 23 ಮಿಲಿಮೀಟರ್ ಇರಬೇಕಾದದ್ದು ಕೂದಲೆಳೆಯಷ್ಟು ಹಿಗ್ಗಿರುತ್ತದೆ.

ಮಾರಿದವನಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಬಗ್ಗುವ ನಿಕಲ್ ಹಿತ್ತಾಳೆಯ ಐದನ್ನೇ ಆರಿಸಿಕೊಂಡಿದ್ದಾನೆ, ಗಟ್ಟಿ ಸ್ಟೀಲಿನ ಒಂದು ರೂಪಾಯಿ ತಂಟೆಗೆ ಹೋಗಿಲ್ಲ. ಲೇತ್ ಕೆಲಸದ ಕೈ ಇರಬೇಕು, ಚೆನ್ನಾಗಿ ಪಳಗಿದ ಕೈ. ಅದನ್ನು ನೆಟ್ಟಗಿನ ಕೆಲಸಕ್ಕೆ ಹಚ್ಚಿದ್ದರೆ ಊರು ಅನ್ನ ಹಾಕುತ್ತಿತ್ತು. 2011ರ ನಾಣ್ಯ ಕಾಯ್ದೆಯಲ್ಲಿ ನಾಣ್ಯ ಕರಗಿಸುವುದಕ್ಕೆ, ನಾಶ ಮಾಡುವುದಕ್ಕೆ 7 ವರ್ಷದವರೆಗೆ ಜೈಲಿದೆ ಎಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ.

ಇದನ್ನೆಲ್ಲ ಕೇಳಿ ಆಟೋದವರ ಮುಖ ಸಣ್ಣದಾದದ್ದು ಕಂಡು ಅಂಗಡಿಯವರು ಗಲ್ಲಾಪೆಟ್ಟಿಗೆಯನ್ನೇ ಬೆಂಚಿನ ಮೇಲೆ ಸುರಿದರು. "ಇದ್ರಾಗ ಏನಾರ ಐತಾ ನೋಡ್ರಿ." ಒಳ್ಳೆಯ ಮನುಷ್ಯ, ಎಣ್ಣೆ ಕೈಯಲ್ಲಿ ನಾಣ್ಯ ಮುಟ್ಟುವುದೊಂದು ಬಿಟ್ಟರೆ.

ಒಂದು ಐದು ರೂಪಾಯಿ ತಾಮ್ರದಂತೆ ಕೆಂಪಾಗಿತ್ತು. ಇಂಥದ್ದನ್ನು ತಪ್ಪಿ ಬೇರೆ ಲೋಹದ ಬಿಲ್ಲೆಯ ಮೇಲೆ ಒತ್ತಿದ್ದು ಎಂದು ಮಾರುವವರಿದ್ದಾರೆ. ಆಸಿಡ್ಡಿಗೋ ಹಸಿ ಮಣ್ಣಿಗೋ ಸಿಕ್ಕಿ ಮೇಲ್ಮೈಯ ಸತು ಕಳೆದುಹೋದರೆ ಹಿತ್ತಾಳೆ ಕೆಂಪಾಗುತ್ತದೆ, ಅಷ್ಟೆ. ಇನ್ನೊಂದು ಐದು ಅಯಸ್ಕಾಂತಕ್ಕೆ ಅಂಟಿತು. ಅದೂ ದೋಷವಲ್ಲ. 2007ರ ಸುಮಾರಿಗೆ ಐದನ್ನು ಸ್ಟೀಲಿನಲ್ಲೇ ಹೊಡೆಯುತ್ತಿದ್ದರು, ಇಸವಿ ನೋಡದೆ ಅಯಸ್ಕಾಂತ ಹಿಡಿದರೆ ಮೋಸ ಹೋಗುತ್ತೀರಿ. ಒಂದು ರೂಪಾಯಿಯೊಂದರ ಮೇಲೆ ಉದ್ದನೆಯ ಗೆರೆ ಇತ್ತು. ಉಗುರು ಆಡಿಸಿದರೆ ಗೆರೆ ತಗ್ಗು, ಪಕ್ಕದಲ್ಲಿ ಲೋಹ ಎದ್ದು ನಿಂತಿದೆ. ಅಂದರೆ ಗೀರು. ಬಿರುಕು ಬಿಟ್ಟ ಅಚ್ಚಿನಿಂದ ಬಂದ ಗೆರೆಯಾದರೆ ಉಬ್ಬಿರಬೇಕು, ಬಿರುಕಿನೊಳಗೆ ಲೋಹ ನುಗ್ಗುತ್ತದಲ್ಲ.

ಹತ್ತು ರೂಪಾಯಿಯೊಂದರಲ್ಲಿ ನಡುವಿನ ಬಿಳಿ ಬಿಲ್ಲೆ ಸ್ವಲ್ಪ ತಿರುಗಿತ್ತು. ನಡುವಿನ ಅಂಕಿಯ ತುಂಡು ಉಂಗುರದ ಮೇಲಿನ ತುಂಡಿಗೆ ಕೂಡುತ್ತಿರಲಿಲ್ಲ. ಅಲ್ಲಿದ್ದವರೆಲ್ಲ "ಇದು ನೋಡ್ರೀ!" ಎಂದು ಕೂಗಿದರು. ಉಂಗುರವನ್ನೂ ಬಿಲ್ಲೆಯನ್ನೂ ಜೋಡಿಸಿ ಒಂದೇ ಅಚ್ಚಿನಿಂದ ಒಂದೇ ಏಟಿಗೆ ಒತ್ತುತ್ತಾರೆ. ಬಿಲ್ಲೆ ಓರೆಯಾಗಿ ಕೂತಿದ್ದರೂ ಚಿತ್ರ ಮಾತ್ರ ಕಡಿಯದೆ ಎರಡರ ಮೇಲೂ ಹಾದುಹೋಗಲೇಬೇಕು. ಕಡಿದಿದೆ ಎಂದರೆ ಯಾರೋ ಸುತ್ತಿಗೆಯಿಂದ ಉದುರಿಸಿ ಮತ್ತೆ ಕೂರಿಸಿದ್ದಾರೆ. ಅಂದಹಾಗೆ, ಹತ್ತರ ನಾಣ್ಯವನ್ನೇ ಬೇಡ ಅನ್ನುವ ಅಂಗಡಿಗಳು ಇನ್ನೂ ಇವೆ. ಆಗ ಇದ್ದ 14 ವಿನ್ಯಾಸಗಳೂ ಚಲಾವಣೆಗೆ ಸಲ್ಲುತ್ತವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿಯಾಗಿದೆ.

ಅಂಚು ಅರ್ಧಚಂದ್ರದ ಹಾಗೆ ಕತ್ತರಿಸಿದ ನಾಣ್ಯ ಆ ರಾಶಿಯಲ್ಲಿ ಸಿಗಲಿಲ್ಲ. ಸಿಕ್ಕರೆ ನೋಡಬೇಕಾದದ್ದು ಆ ಕಡಿತವನ್ನಲ್ಲ, ಅದರ ಎದುರಿನ ಅಂಚನ್ನು. ತಗಡಿನಿಂದ ಬಿಲ್ಲೆ ಕತ್ತರಿಸುವಾಗ ಹಿಂದಿನ ತೂತಿನ ಮೇಲೆ ಪಂಚ್ ಬಿದ್ದರೆ ಬಿಲ್ಲೆಯ ಒಂದು ತುಣುಕೇ ಇರುವುದಿಲ್ಲ. ಆಮೇಲೆ ಅಂಚು ಎಬ್ಬಿಸುವ ಯಂತ್ರದಲ್ಲಿ, ಆ ಖಾಲಿ ಜಾಗದ ನೇರ ಎದುರಿಗೆ ಒತ್ತಡ ಸಿಗದೆ ಅಲ್ಲಿಯೂ ಅಂಚು ಸೊರಗುತ್ತದೆ. ಅರದಿಂದ ಉಜ್ಜಿದ ನಾಣ್ಯದಲ್ಲಿ ಎದುರಿನ ಅಂಚು ದಷ್ಟಪುಷ್ಟವಾಗಿರುತ್ತದೆ. ಇಲ್ಲೂ ಅದೇ ಕಥೆ ನೋಡಿ, ಸಾಕ್ಷಿ ಇರುವುದು ಯಾರೂ ನೋಡದ ಕಡೆ.

ರಾಶಿಯ ತಳದಲ್ಲಿ ಒಂದು ಎರಡು ರೂಪಾಯಿ. ಸಿಂಹವನ್ನು ನೆಟ್ಟಗೆ ಹಿಡಿದು ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ತಿರುವಿದರೆ ಹಿಂದಿನ ಅಂಕಿಯೂ ನೆಟ್ಟಗೆ ಬರಬೇಕು, ನಮ್ಮ ನಾಣ್ಯಗಳ ಕ್ರಮ ಅದು. ಇದರಲ್ಲಿ ಅಂಕಿ ಪೂರ್ತಿ ಅಡ್ಡ ಮಲಗಿತ್ತು. ಅಚ್ಚು ಸಡಿಲವಾಗಿ ತಿರುಗಿದ್ದು. ಎರಡು ನಾಣ್ಯ ಕೊರೆದು ಅಂಟಿಸಿದ್ದರೆ ಅಂಚಿನ ಒಳಬದಿಯಲ್ಲಿ ಸಂದು ಇರುತ್ತದೆ, ಕಲ್ಲಿನ ಮೇಲೆ ಹಾಕಿದರೆ ಸದ್ದು ಮಂಕು. ಇದಕ್ಕೆ ಸಂದೂ ಇರಲಿಲ್ಲ, ಸದ್ದು ಗಣ್ ಎಂದಿತು. ಟಂಕಸಾಲೆಯ ಅಸಲಿ ತಪ್ಪು. ಲಕ್ಷವೇನೂ ಬಾರದು, ಸಂಗ್ರಹಕಾರರು ಖುಷಿಯಿಂದ ಇಟ್ಟುಕೊಳ್ಳುತ್ತಾರೆ. ಅಂಗಡಿಯವರು ಎರಡೂ ಮುಖ ನೋಡಿ, "ಇದ್ರಾಗ ಏನೈತ್ರೀ? ಎಲ್ಲಾ ಸರಿ ಐತಲ್ಲ" ಎಂದರು.

ಅವರದ್ದೂ ತಪ್ಪಲ್ಲ. ಒಂದೊಂದೇ ಮುಖ ನೋಡಿದರೆ ಎಲ್ಲವೂ ಸರಿಯೇ. ಇಲ್ಲೇ ಪಕ್ಕದ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮೊದಲು ಪುರಾತತ್ವಜ್ಞ ಎಂ.ಎಚ್. ಕೃಷ್ಣ, ಆಮೇಲೆ 1947ರಲ್ಲಿ ಇನ್ನೊಬ್ಬ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಶಾತವಾಹನರ ಕಾಲದ ನಾಣ್ಯಗಳೂ ರೋಮಿನ ಬೆಳ್ಳಿಯೂ ಸಿಕ್ಕವು. ಕೈಯಲ್ಲಿ ಒತ್ತುತ್ತಿದ್ದ ಆ ಕಾಲದಲ್ಲಿ ಅಚ್ಚು ಓರೆಯಾಗಿ ಬೀಳುವುದು ನಿತ್ಯದ ಮಾತು, ಅದನ್ನು ದೋಷ ಅನ್ನುವವರೇ ಇರಲಿಲ್ಲ. ಯಂತ್ರ ಕೋಟಿಗಟ್ಟಲೆ ಒಂದೇ ತರಹ ಒತ್ತಲು ಶುರು ಮಾಡಿದ ಮೇಲೆ ತಪ್ಪಿದ್ದಕ್ಕೆ ಬೆಲೆ ಬಂತು, ಬೆಲೆಯ ಹಿಂದೆಯೇ ವೈಸ್ ಬಂತು. ಹಳೆಯ ನಾಣ್ಯ ಕೊಳ್ಳುವುದಾಗಿ ತನ್ನ ಹೆಸರಿನಲ್ಲಿ ನಡೆಯುವ ಮೋಸಕ್ಕೆ ಬೀಳಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತು. ಆಟೋ ಸ್ಟ್ಯಾಂಡಿಗೆ ಆ ಪ್ರಕಟಣೆ ಬರಲಿಲ್ಲ, ಎರಡು ಲಕ್ಷದ ವಿಡಿಯೊ ಬಂತು.

ಮಿರ್ಚಿ ತಣ್ಣಗಾಗಿತ್ತು. ಆಟೋದವರು ತಾವಾಗಿಯೇ ನಾಣ್ಯ ಎತ್ತಿಕೊಂಡು ಮೊದಲ ಸಲ ಮಗುಚಿ ಬಲ್ಬಿನ ಕೆಳಗೆ ಹಿಡಿದರು. ಬಹಳ ಹೊತ್ತು ನೋಡಿದರು.

"ಸಿಂಹಕ್ಕ ಮೂಗೇ ಇಲ್ಲಲ್ರೀ."

ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ ಕೇಳಿದರು, "ಐದು ರೂಪಾಯಿಗಾದ್ರೂ ನಡೀತೈತಾ?"

ಅಂಗಡಿಯವರು ಗಲ್ಲಾಪೆಟ್ಟಿಗೆಯನ್ನು ತಮ್ಮ ಕಡೆ ಎಳೆದುಕೊಂಡರು. "ನಂಗಂತೂ ಬ್ಯಾಡಪ್ಪ."