ನಾಲ್ಕು ಮೀಟರ್ ನಡಿಗೆ, ಐದು ಸಲ ಎದ್ದು ಕೂರುವುದು

ಹಿರಿಯರನ್ನು “ಓಡಾಡಿಕೊಂಡು ಆರಾಮಾಗಿದ್ದೀರಾ?” ಎಂದು ಕೇಳಿದರೆ “ಹೂಂ” ಎನ್ನುತ್ತಾರೆ. ಆ ಉತ್ತರದಿಂದ ಹೆಚ್ಚೇನೂ ತಿಳಿಯುವುದಿಲ್ಲ. ಸ್ನಾನಕ್ಕೆ, ಬಟ್ಟೆ ಉಡಲು ಇನ್ನೊಬ್ಬರ ಆಸರೆ ಬೇಕಾಗುವ ಎಷ್ಟೋ ಮುಂಚೆಯೇ ಕಾಲಿನ ಕಸುವು ಇಳಿದಿರುತ್ತದೆ. ಅದನ್ನು ಸೆಕೆಂಡುಗಳಲ್ಲಿ ಅಳೆಯಬಹುದು.

ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವುದು ಎಸ್‌ಪಿಪಿಬಿ (ಶಾರ್ಟ್ ಫಿಸಿಕಲ್ ಪರ್ಫಾರ್ಮೆನ್ಸ್ ಬ್ಯಾಟರಿ) ಎಂಬ ಪರೀಕ್ಷೆ. ಸಮತೋಲನ, ನಡಿಗೆ, ಕುರ್ಚಿಯಿಂದ ಏಳುವುದು, ಒಂದೊಂದಕ್ಕೂ 4ರಂತೆ ಒಟ್ಟು 12 ಅಂಕ. ಜ್ಯಾಕ್ ಗುರಾಲ್ನಿಕ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಗಿನ್ನೂ ಯಾರ ನೆರವೂ ಬೇಕಿಲ್ಲದ 71 ಅಥವಾ ಅದಕ್ಕೂ ಹೆಚ್ಚು ವಯಸ್ಸಿನವರನ್ನೇ ಪರೀಕ್ಷಿಸಿದ್ದರು. ತೀರಾ ಕಡಿಮೆ ಅಂಕ ಪಡೆದವರು ನಾಲ್ಕು ವರ್ಷಗಳಲ್ಲಿ ಪರಾವಲಂಬಿಗಳಾಗುವ ಸಂಭವ, ಹೆಚ್ಚು ಅಂಕದವರಿಗಿಂತ 4.2ರಿಂದ 4.9 ಪಟ್ಟು ಇತ್ತು.

ಸಮತೋಲನದ ಭಾಗ ಸುಲಭ: ಪಾದ ಜೋಡಿಸಿ, ಆಮೇಲೆ ಅರ್ಧ ಮುಂದಿಟ್ಟು, ಕೊನೆಗೆ ಒಂದರ ಹಿಂದೊಂದು ಇಟ್ಟು ತಲಾ 10 ಸೆಕೆಂಡು ನಿಲ್ಲಬೇಕು. ಬೀಳದಂತೆ ಒಬ್ಬರು ಪಕ್ಕದಲ್ಲೇ ಇರಲಿ.

ನಡಿಗೆಯಲ್ಲೇ ತಪ್ಪು ಹೆಚ್ಚು. ಪಡಸಾಲೆಯಲ್ಲಿ 4 ಮೀಟರ್ ಅಳೆದು ಎರಡು ಗೆರೆ ಹಾಕಿ. ಎರಡನೇ ಗೆರೆಯಾಚೆಗೂ ಒಂದು ಮೀಟರ್ ಜಾಗ ಖಾಲಿ ಇರಬೇಕು, ಇಲ್ಲದಿದ್ದರೆ ಗೋಡೆ ಕಂಡೊಡನೆ ಕಾಲು ತಾನಾಗಿ ನಿಧಾನವಾಗುತ್ತದೆ. “ಬೇಗ ನಡೀರಿ” ಅನ್ನಬೇಡಿ. “ಅಂಗಡಿಗೆ ಹೋಗುವಾಗ ನಡೆಯುವ ಹಾಗೆ, ಗೆರೆ ದಾಟಿ ಹೋಗಿ” ಎನ್ನಿ. ಊರುಗೋಲು ಹಿಡಿಯುವವರು ಹಿಡಿಯಲಿ. ಕಾಲು ಎತ್ತಿದಾಗ ಸ್ಟಾಪ್‌ವಾಚ್ ಒತ್ತಿ, ಮೊದಲ ಪಾದ ಗೆರೆ ದಾಟಿದಾಗ ನಿಲ್ಲಿಸಿ. ಎರಡು ಸಲ ನಡೆಸಿ, ಕಡಿಮೆ ಸಮಯವನ್ನು ಬರೆದುಕೊಳ್ಳಿ. 4.82 ಸೆಕೆಂಡಿಗಿಂತ ಕಡಿಮೆಯಾದರೆ 4 ಅಂಕ, 8.70 ಮೀರಿದರೆ ಒಂದೇ.

ಕುರ್ಚಿಗೆ ಕೈ ಇದ್ದರೂ ಅದನ್ನು ಹಿಡಿಯುವಂತಿಲ್ಲ, ತೋಳುಗಳನ್ನು ಎದೆಯ ಮೇಲೆ ಕಟ್ಟಿಕೊಂಡಿರಬೇಕು. ಕೂರುವ ಎತ್ತರ ಸುಮಾರು 45 ಸೆಂ.ಮೀ. ಇರಲಿ. ಹಗುರವಾದ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಜಾರುತ್ತದೆ, ಸೋಫಾ ಒಳಗೆ ಎಳೆದುಕೊಳ್ಳುತ್ತದೆ. ಎರಡೂ ಬೇಡ. ಗಟ್ಟಿ ಮರದ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಮೊದಲು ಒಂದೇ ಸಲ ಎದ್ದು ನೋಡಲಿ. ಆಗದಿದ್ದರೆ ಅಲ್ಲಿಗೇ ಬಿಟ್ಟು 0 ಬರೆಯಿರಿ. ಏಳಲು ಸಾಧ್ಯವಾದರೆ, ಐದು ಸಲ ಆದಷ್ಟು ಬೇಗ ಎದ್ದು ಕೂರಲು ಹೇಳಿ. ಐದನೆಯ ಸಲ ಪೂರ್ತಿ ನೆಟ್ಟಗೆ ನಿಂತಾಗ ಸಮಯ ನಿಲ್ಲಿಸಬೇಕು, ಮತ್ತೆ ಕೂತಾಗ ಅಲ್ಲ. 11.2 ಸೆಕೆಂಡಿನೊಳಗೆ ಮುಗಿದರೆ 4 ಅಂಕ. 12 ಅಥವಾ ಹೆಚ್ಚಾದರೆ, ಏಷ್ಯಾದವರಿಗಾಗಿ 2019ರಲ್ಲಿ ಮಾಡಿದ ಮಾನದಂಡದ ಪ್ರಕಾರ ಸ್ನಾಯುಕ್ಷಯದ (ವಯಸ್ಸಾದಂತೆ ಸ್ನಾಯು ಸವೆದು ಬಲ ಕುಂದುವುದು) ತಪಾಸಣೆ ಆಗಬೇಕು. ಮಂಡಿನೋವಿನಿಂದ ತಡವಾಗಿದ್ದರೆ ಅದನ್ನು ಪಕ್ಕದಲ್ಲೇ ಬರೆಯಿರಿ. ನೋವಿನ ಚಿಕಿತ್ಸೆ ಬೇರೆ, ಬಲ ಕುಂದಿದ್ದಕ್ಕೆ ಮಾಡಬೇಕಾದ್ದು ಬೇರೆ.

ನೆಲದಿಂದ ಏಳುವುದನ್ನು ಈ ಪರೀಕ್ಷೆ ಅಳೆಯುವುದೇ ಇಲ್ಲ. ಚಾಪೆಯ ಮೇಲೆ ಊಟ, ಕುಕ್ಕರಗಾಲಿನ ಶೌಚಾಲಯ ಇರುವ ನಮ್ಮ ಮನೆಗಳಲ್ಲಿ ಅದು ದೊಡ್ಡ ಕೊರತೆ. ಅದನ್ನು ಬೇರೆಯಾಗಿ ಕೇಳಿ, ಕಣ್ಣಾರೆ ನೋಡಿ.

9 ಅಥವಾ ಅದಕ್ಕಿಂತ ಕಡಿಮೆ ಅಂಕ ಬಂತೆಂದು ಕೈಚೆಲ್ಲಬೇಕಿಲ್ಲ. ಅಮೆರಿಕದ ಲೈಫ್ ಅಧ್ಯಯನ (2014) ಇಂಥ 1,635 ಮಂದಿಯ ಮೇಲೇ ನಡೆಯಿತು, ವಯಸ್ಸು 70ರಿಂದ 89. ನಡಿಗೆ, ಕಾಲಿನ ಬಲ, ಸಮತೋಲನದ ವ್ಯಾಯಾಮ ಮಾಡಿದವರಲ್ಲಿ 30.1% ಮಂದಿ 400 ಮೀಟರ್ ನಡೆಯುವ ಶಕ್ತಿ ಕಳೆದುಕೊಂಡರು. ಆರೋಗ್ಯ ಪಾಠದ ಗುಂಪಿನಲ್ಲಿ 35.5%. ವ್ಯತ್ಯಾಸ ಸಣ್ಣದಾಗಿ ಕಾಣಬಹುದು, ಬಚ್ಚಲಿಗೆ ತಾನೇ ಹೋಗಬಲ್ಲವರಿಗೆ ಅದು ಸಣ್ಣದಲ್ಲ.

ಮುಂದಿನ ಸಲವೂ ಅದೇ ಕುರ್ಚಿ, ಅದೇ ಗೆರೆ, ಅದೇ ಚಪ್ಪಲಿ ಇರಲಿ. ಒಟ್ಟು ಅಂಕದಲ್ಲಿ ಒಂದು ಇಳಿದಿದ್ದರೂ ವೈದ್ಯರಿಗೆ ತೋರಿಸಿ.