ಪ್ಯಾರಾಲೀಗಲ್ ಸರ್ಟಿಫಿಕೇಟಿಗೆ ಮೂವತ್ತೆಂಟು ಸಾವಿರ ಕೊಡಬೇಕೆ?

ಬೆಂಗಳೂರಿನ ಗಾಂಧಿನಗರದ ಒಂದು ವಕೀಲರ ಕಚೇರಿಯಲ್ಲಿ ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಓದಿದ್ದು ಬಿ.ಕಾಂ., ಸೇರಿದ್ದು ಟೈಪಿಂಗಿಗೆ. ಈಗ ವಕಾಲತ್ತು, ಅಫಿಡವಿಟ್ ಸಿದ್ಧಪಡಿಸುವುದರಿಂದ ಹಿಡಿದು ಕೆ.ಜಿ. ರಸ್ತೆಯ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ಫೈಲಿಂಗ್ ಮಾಡಿಸುವುದು, ಆಫೀಸ್ ಆಬ್ಜೆಕ್ಷನ್ (ಕೋರ್ಟಿನ ಕಚೇರಿಯವರು ಫೈಲಿನಲ್ಲಿ ಎತ್ತುವ ತಕರಾರು) ಸರಿಪಡಿಸುವುದು, ನಕಲು ಅರ್ಜಿ ಹಾಕಿ ಬೆನ್ನು ಹತ್ತುವುದು, ಎಲ್ಲವೂ ನನ್ನ ಪಾಲಿನದೇ. ಸಂಬಳ 22,000 ರೂಪಾಯಿ. ಅಮೆರಿಕದ ಸ್ಯಾನ್ ಹೋಸೆಯಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಅಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಪ್ಯಾರಾಲೀಗಲ್ (ವಕೀಲರ ಕೈಕೆಳಗೆ ಕಾನೂನಿನ ಕೆಲಸ ಮಾಡುವ ಸಹಾಯಕರು) ಸರ್ಟಿಫಿಕೇಟ್ ಮಾಡಿಕೊಂಡು ಕೆಲಸ ಹಿಡಿದ ಸುದ್ದಿ ಬಂದ ಮೇಲೆ, ಅದೇ ಹೆಸರಿನ ಕೋರ್ಸು ನಮ್ಮೂರಿನಲ್ಲಿಯೂ ಇದೆಯೆಂದು ಹುಡುಕಿ, ಒಂದು ಖಾಸಗಿ ಸಂಸ್ಥೆಯ ಪ್ರಾಸ್ಪೆಕ್ಟಸ್ ತಂದಿಟ್ಟುಕೊಂಡೆ. ಹನ್ನೊಂದು ತಿಂಗಳು, ಪ್ರತಿ ಭಾನುವಾರ ತರಗತಿ, ಶುಲ್ಕ 38,000 ರೂಪಾಯಿ.

ಮೊದಲು ತಂಗಿಯ ಲೆಕ್ಕ. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನ ಶುಲ್ಕ ಯೂನಿಟ್ (ಕೋರ್ಸಿನ ಗಾತ್ರ ಅಳೆಯುವ ಮಾನ) ಒಂದಕ್ಕೆ 46 ಡಾಲರ್. ಅಲ್ಲಿ ಯಾರು ಬೇಕಾದರೂ ತಮ್ಮನ್ನು ಪ್ಯಾರಾಲೀಗಲ್ ಎಂದು ಕರೆದುಕೊಳ್ಳುವಂತಿಲ್ಲ. ಆ ಹೆಸರಿಗೆ ಬೇಕಾದ ಅರ್ಹತೆಗಳನ್ನು ರಾಜ್ಯದ ಕಾನೂನೇ ನಿಗದಿಪಡಿಸಿದೆ, ಮತ್ತು ಅದಕ್ಕಿರುವ ದಾರಿಗಳಲ್ಲಿ ಒಂದು ಕಾನೂನು ವಿಷಯಗಳಲ್ಲಿ ಕನಿಷ್ಠ 24 ಸೆಮಿಸ್ಟರ್ ಯೂನಿಟ್ ಓದಿ ಸರ್ಟಿಫಿಕೇಟ್ ಪಡೆಯುವುದು. ಪುಸ್ತಕದ ಖರ್ಚು ಬಿಟ್ಟರೆ 1,104 ಡಾಲರಿನಲ್ಲಿ ಮುಗಿಯಬಹುದಾದ ವ್ಯವಹಾರ. ಆದರೆ ಅವಳಿಗೆ ಗಿಟ್ಟುವುದು ಶುಲ್ಕ ಕಡಿಮೆಯೆಂಬ ಕಾರಣಕ್ಕಲ್ಲ. ಅಲ್ಲಿನ ವಕೀಲರ ಸಂಸ್ಥೆಗಳು ಗಂಟೆ ಲೆಕ್ಕದಲ್ಲಿ ಬಿಲ್ ಮಾಡುತ್ತವೆ, ಪ್ಯಾರಾಲೀಗಲ್ ದುಡಿದ ಗಂಟೆಗಳೂ ಆ ಬಿಲ್ಲಿನಲ್ಲಿ ಬೇರೆ ದರದಲ್ಲಿ ಕಾಣಿಸಿಕೊಳ್ಳುತ್ತವೆ. ಎದುರು ಪಕ್ಷದಿಂದ ವಕೀಲರ ಶುಲ್ಕ ವಸೂಲಿ ಮಾಡುವ ಪ್ರಕರಣದಲ್ಲಿ ಪ್ಯಾರಾಲೀಗಲ್‌ಗಳ ಕೆಲಸವನ್ನೂ ಮಾರುಕಟ್ಟೆ ದರದಲ್ಲಿಯೇ ಲೆಕ್ಕ ಹಿಡಿಯಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1989ರಲ್ಲಿಯೇ, ಮಿಸೌರಿ ವಿರುದ್ಧ ಜೆಂಕಿನ್ಸ್ ಪ್ರಕರಣದಲ್ಲಿ, ಒಪ್ಪಿಕೊಂಡಿದೆ. ಅಂದರೆ ಅವಳು ಕಚೇರಿಗೆ ಆದಾಯ.

ನಾನು ಕಚೇರಿಗೆ ಖರ್ಚು. ನಮ್ಮಲ್ಲಿ ಕಕ್ಷಿದಾರರು ಕೇಸಿಗಿಷ್ಟು ಎಂದು ಮಾತಾಡಿಕೊಂಡು, ಅದನ್ನೂ ಕಂತಿನಲ್ಲಿ ಕೊಡುತ್ತಾರೆ. ಗುಮಾಸ್ತರ ಗಂಟೆಯನ್ನು ಯಾವ ಬಿಲ್ಲಿನಲ್ಲಿಯೂ ಬರೆಯುವುದಿಲ್ಲ. 1961ರ ವಕೀಲರ ಅಧಿನಿಯಮದಲ್ಲಿ ಪ್ಯಾರಾಲೀಗಲ್ ಎಂಬ ವರ್ಗವೇ ಇಲ್ಲ. 29ನೇ ಕಲಮಿನ ಪ್ರಕಾರ ವಕೀಲಿ ವೃತ್ತಿ ನಡೆಸಲು ಅರ್ಹರಾದವರು ಅಡ್ವೊಕೇಟ್‌ಗಳು ಮಾತ್ರ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಅರೆ ಕಾನೂನು ಸ್ವಯಂಸೇವಕರಾಗಬಹುದು (ಪ್ಯಾರಾ ಲೀಗಲ್ ವಾಲಂಟಿಯರ್) ನಿಜ, ಆದರೆ ಅದಕ್ಕೆ ಅವರೇ ತರಬೇತಿ ಕೊಡುತ್ತಾರೆ, ಸಿಗುವುದು ಗೌರವಧನ. ಅದು ಸೇವೆಯೇ ಹೊರತು ನೌಕರಿಯಲ್ಲ. ಹೊರ ವರ್ತುಲ ರಸ್ತೆಯ ಕಂಪನಿಗಳಲ್ಲಿ ವಿದೇಶಿ ಒಪ್ಪಂದಗಳನ್ನು ಪರಿಶೀಲಿಸುವ ಕೆಲಸಕ್ಕೆ ಬಂದ ಏಳು ಜಾಹೀರಾತುಗಳನ್ನು ನೋಡಿದೆ. ಆರರಲ್ಲಿ ಎಲ್‌ಎಲ್.ಬಿ. ಕೇಳಿದ್ದರು.

ಹಾಗಾದರೆ ಈ ಕೋರ್ಸಿನಿಂದ ಏನೂ ಪ್ರಯೋಜನವಿಲ್ಲವೆ? ಇದೆ, ಮತ್ತು ಅದರ ಬೆಲೆ ನನಗೆ ಗೊತ್ತು. ಕೆಲವು ವರ್ಷಗಳ ಹಿಂದೆ ದೇವನಹಳ್ಳಿ ಕಡೆಯ ಒಂದು ಜಮೀನಿನ ದಾವೆಯಲ್ಲಿ ಮಾರ್ಚ್ 3ಕ್ಕೆ ತೀರ್ಪಾಗಿ, ನಾವು ಮೇಲ್ಮನವಿಯನ್ನು ಸಿದ್ಧಮಾಡಿಕೊಳ್ಳುವಾಗ ಏಪ್ರಿಲ್ 11 ಆಗಿತ್ತು. ಮೇಲ್ಮನವಿ ಸಲ್ಲಿಸುವ ಗಡುವು ಹೈಕೋರ್ಟಿಗೆ ಹೋಗುವುದಾಗಿದ್ದರೆ 90 ದಿನ. ಇದು ಜಿಲ್ಲಾ ನ್ಯಾಯಾಲಯಕ್ಕೆ, ಹಾಗಾಗಿ 30. ಕ್ಯಾಲೆಂಡರ್ ಮುಂದಿಟ್ಟುಕೊಂಡು ಎಣಿಸಿದೆ, ಏಪ್ರಿಲ್ 2ಕ್ಕೆ ಅವಧಿ ಮುಗಿದಿತ್ತು. ಒಂಬತ್ತು ದಿನ ತಡವಾಗಿದೆಯೆಂದು ವಿಳಂಬ ಮನ್ನಾ ಅರ್ಜಿಯನ್ನೂ ಅದಕ್ಕೊಂದು ಅಫಿಡವಿಟ್ಟನ್ನೂ ಟೈಪ್ ಮಾಡಿ, ಕಾರಣ ತೋರಿಸಲು ವೈದ್ಯರ ಚೀಟಿ ತನ್ನಿರೆಂದು ಎಪ್ಪತ್ತು ದಾಟಿದ ಕಕ್ಷಿದಾರರನ್ನು ಊರಿಗೆ ಓಡಿಸಿದೆ. ಸಂಜೆ ಕೋರ್ಟಿನಿಂದ ಬಂದ ನಮ್ಮ ಸಾಹೇಬರು ತೀರ್ಪಿನ ನಕಲಿನ ಹಿಂಬದಿಯ ಮೊಹರನ್ನು ತೋರಿಸಿದರು: ಅರ್ಜಿ ಹಾಕಿದ್ದು ಮಾರ್ಚ್ 20, ನಕಲು ಸಿದ್ಧವಾದದ್ದು ಏಪ್ರಿಲ್ 4. ಇಂಥ ಗಡುವುಗಳನ್ನು ನಿಗದಿಪಡಿಸುವ ಲಿಮಿಟೇಶನ್ ಕಾಯ್ದೆಯ 12ನೇ ಕಲಮಿನಂತೆ ನಕಲಿಗೆ ಹಿಡಿದ ಆ ಹದಿನಾರು ದಿನಗಳನ್ನು ಲೆಕ್ಕದಿಂದ ಬಿಡಬೇಕು. ಕೊನೆಯ ದಿನ ಏಪ್ರಿಲ್ 18. ನಾವು ತಡವಾಗಿರಲೇ ಇಲ್ಲ. ಸಾಹೇಬರು ಬೈಯಲಿಲ್ಲ, ಅರ್ಜಿಯನ್ನು ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದರು. ಆ ಮುದುಕರ ಬಸ್ ಚಾರ್ಜು ಮಾತ್ರ ಇಂದಿಗೂ ನನ್ನ ಮನಸ್ಸಿನಲ್ಲಿ ಸಾಲವಾಗಿ ಉಳಿದಿದೆ.

ಇಂಥದ್ದನ್ನು ಒಬ್ಬರು ಕೂರಿಸಿಕೊಂಡು ಕ್ರಮವಾಗಿ ಹೇಳಿಕೊಡುವುದಾದರೆ ಹಣ ಕೊಡಬಹುದು. ಆದರೆ ಪ್ರಾಸ್ಪೆಕ್ಟಸ್ಸಿನ ಪಠ್ಯಕ್ರಮದಲ್ಲಿ ಲಿಮಿಟೇಶನ್‌ಗೆ ಒಂದೇ ಒಂದು ತರಗತಿಯಿತ್ತು, ಕೋರ್ಟ್ ಫೀ ಲೆಕ್ಕ ಇರಲೇ ಇಲ್ಲ. ಇನ್ನೂ ದೊಡ್ಡ ಅನುಮಾನ ಹುಟ್ಟಿಸಿದ್ದು ಕ್ರಿಮಿನಲ್ ವಿಭಾಗ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ ಮತ್ತು ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿದ್ದರೂ ಅಲ್ಲಿ ಹಳೆಯ ಐಪಿಸಿ, ಸಿಆರ್‌ಪಿಸಿಗಳ ಹೆಸರು ಮಾತ್ರ ಅಚ್ಚಾಗಿತ್ತು. ಹಳೆಯ ಪ್ರಕರಣಗಳಿಗೆ ಅವೂ ಬೇಕು, ಒಪ್ಪುತ್ತೇನೆ. ಹೊಸದರ ಸುಳಿವೇ ಇಲ್ಲವೆಂದರೆ ಯಾರೂ ಆ ಪುಟವನ್ನು ತಿರುಗಿ ನೋಡಿಲ್ಲವೆಂದೇ ಅರ್ಥ.

ನಮ್ಮ ಹಿರಿಯ ಗುಮಾಸ್ತರ ಮುಂದೆ ವಿಷಯ ಎತ್ತಿದಾಗ ಅವರು ಕನ್ನಡಕ ತೆಗೆದು ಹೇಳಿದ್ದು ಇಷ್ಟೇ: “ಸರ್ಟಿಫಿಕೇಟ್ ನೋಡಿ ಯಾರೂ ಫೈಲ್ ತಗೊಳಲ್ಲಮ್ಮ. ಇಂಡೆಕ್ಸ್ ನೋಡ್ತಾರೆ, ಪುಟದ ನಂಬರ್ ನೋಡ್ತಾರೆ.” ಸಾಹೇಬರು “ಕಲಿತರೆ ಒಳ್ಳೆಯದೇ” ಎಂದರು, ಸಂಬಳದ ಮಾತು ತೆಗೆಯಲಿಲ್ಲ. ತಿಂಗಳಿಗೆ 1,500 ರೂಪಾಯಿ ಹೆಚ್ಚಿಸಿಯಾರೆಂದು ನಾನೇ ಉದಾರವಾಗಿ ಊಹಿಸಿಕೊಂಡು ಲೆಕ್ಕ ಹಾಕಿದೆ. ಶುಲ್ಕ 38,000, ಪುಸ್ತಕಗಳಿಗೆ 3,000, ಭಾನುವಾರಗಳ ಮೆಟ್ರೊ ಮತ್ತು ಆಟೊ ಸೇರಿ 4,000, ಒಟ್ಟು 45,000. ಹಾಕಿದ ಹಣ ಕೈಗೆ ಬರಲು ಮೂವತ್ತು ತಿಂಗಳು ಬೇಕು. ಮಗನ ಜೊತೆ ಕಳೆಯಬೇಕಾದ ನಲವತ್ತಾರು ಭಾನುವಾರಗಳನ್ನು ಈ ಪಟ್ಟಿಯಲ್ಲಿ ಎಲ್ಲಿ ಬರೆಯುವುದೆಂದು ತಿಳಿಯಲಿಲ್ಲ.

ಎಲ್‌ಎಲ್.ಬಿ.ಯನ್ನೇ ಮಾಡಬಹುದಲ್ಲವೆ ಎಂದು ಕೇಳುವವರಿದ್ದಾರೆ. ಪದವಿಯಲ್ಲಿ ಶೇ. 45ಕ್ಕಿಂತ ಹೆಚ್ಚು ಅಂಕಗಳಿವೆ, ಮೂರು ವರ್ಷದ ಕೋರ್ಸಿಗೆ ಅಷ್ಟು ಸಾಕು. ಆದರೆ ಬಾರ್ ಕೌನ್ಸಿಲ್ಲಿನ 2008ರ ನಿಯಮಗಳಂತೆ ಅದನ್ನು ಅಂಚೆ ಮೂಲಕ ಓದುವಂತಿಲ್ಲ, ಸಂಜೆ ಏಳರ ಮೇಲೆ ತರಗತಿ ನಡೆಸುವಂತಿಲ್ಲ, ಹಾಜರಿ ಶೇ. 70 ಇರಬೇಕು. ಸಂಬಳ ಬಿಡದೆ ಅದು ಆಗದ ಮಾತು. ಮಗ ಈಗ ಒಂಬತ್ತನೆಯ ತರಗತಿ. ಅವನ ಎಸ್ಸೆಸ್ಸೆಲ್ಸಿ ಮುಗಿಯಲಿ, ಆಮೇಲೆ ನೋಡೋಣ.

ಸದ್ಯಕ್ಕೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಪ್ಯಾರಾಲೀಗಲ್ ಪ್ರಾಕ್ಟೀಸ್ ಡಿಪ್ಲೊಮಾದ ಅರ್ಜಿಯನ್ನು ತುಂಬುತ್ತಿದ್ದೇನೆ. ಪಿಯುಸಿ ಆದವರೂ ಸೇರಬಹುದಾದ, ಕೆಲಸ ಬಿಡದೆ ಮನೆಯಲ್ಲಿಯೇ ಓದಬಹುದಾದ ಕೋರ್ಸು ಅದು. ಸಂಬಳ ಏರುವುದೆಂಬ ಆಸೆಯಿಂದಲ್ಲ; ಒಂಬತ್ತು ವರ್ಷಗಳಲ್ಲಿ ಅಲ್ಲೊಂದು ಇಲ್ಲೊಂದು ಹೆಕ್ಕಿಕೊಂಡದ್ದನ್ನು ಒಮ್ಮೆ ಸಾಲಾಗಿ ಜೋಡಿಸಿ ನೋಡಬೇಕೆಂದು.

ಖಾಸಗಿ ಸಂಸ್ಥೆಯವರು ನಿನ್ನೆಯೂ ಫೋನ್ ಮಾಡಿ, ಈ ವಾರವೇ ಸೇರಿದರೆ ಶುಲ್ಕ ಮೂವತ್ತು ಸಾವಿರಕ್ಕೆ ಇಳಿಸುವುದಾಗಿ ಹೇಳಿದರು. ಮೂವತ್ತು ತಿಂಗಳು ಇಪ್ಪತ್ತೈದಾಗುತ್ತದೆ. ಹೊಸ ಸಂಹಿತೆಗಳನ್ನು ಪಾಠ ಮಾಡುತ್ತೀರಾ ಎಂದು ಕೇಳಿದೆ. ವಿಚಾರಿಸಿ ತಿಳಿಸುತ್ತೇವೆ ಎಂದರು.