ಚಿನ್ನದ ಜಾಗಕ್ಕೆ ಇಂಗಾಲ

ಶಿವಮೊಗ್ಗ, 19 ಜುಲೈ 2024, ಶುಕ್ರವಾರ

ಪೆರೋವ್‌ಸ್ಕೈಟ್ (ಸೀಸ, ಅಯೋಡಿನ್ ಸೇರಿದ, ಬೆಳಕು ಹೀರುವ ಹರಳಿನಂಥ ವಸ್ತು) ಸೌರಕೋಶದ ಪದರಗಳನ್ನು ಇಂದು ತರಗತಿಯಲ್ಲಿ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದಾಗ ತೀರ್ಥಹಳ್ಳಿ ಕಡೆಯ ವಿದ್ಯಾರ್ಥಿನಿಯೊಬ್ಬಳು, "ಅಗ್ಗದ ಕೋಶ ಅಂತೀರಿ, ಹಿಂಬದಿಗೆ ಮತ್ತೆ ಚಿನ್ನ ಯಾಕೆ ಸರ್?" ಎಂದು ಕೇಳಿದಳು. ಅವಳು ಕೇಳಿದ್ದು ಕೋಶದ ವಿದ್ಯುತ್ತನ್ನು ಹೊರಕ್ಕೆ ಒಯ್ಯುವ ಹಿಂಬದಿಯ ವಾಹಕ ಪದರದ, ಅಂದರೆ ಎಲೆಕ್ಟ್ರೋಡ್‌ನ, ಬಗ್ಗೆ. ಅಲ್ಲಿ ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತರಿಸುತ್ತಿದ್ದೇನೆ.

ಚಿನ್ನದ ಕಾರ್ಯಫಲನ (ಮೇಲ್ಮೈಯಿಂದ ಒಂದು ಎಲೆಕ್ಟ್ರಾನನ್ನು ಹೊರತೆಗೆಯಲು ಬೇಕಾದ ಶಕ್ತಿ) ಸುಮಾರು 5.1 ಎಲೆಕ್ಟ್ರಾನ್ ವೋಲ್ಟ್ ಇರುವುದರಿಂದ ಧನಾವೇಶಗಳು ಹೆಚ್ಚು ನಷ್ಟವಿಲ್ಲದೆ ಅದರೊಳಕ್ಕೆ ಹರಿಯುತ್ತವೆ. ಪದರದ ದಪ್ಪ 80 ನ್ಯಾನೊಮೀಟರ್‌ನಷ್ಟೇ. ಆದರೆ ಅದನ್ನು ನಿರ್ವಾತದಲ್ಲಿ ಆವಿಯಾಗಿಸಿ ಕೂರಿಸಬೇಕಾದ್ದರಿಂದ ಲೋಹದ ಬೆಲೆಯ ಜೊತೆಗೆ ಯಂತ್ರದ ಖರ್ಚೂ ಸೇರುತ್ತದೆ. ಯಾವುದರೊಂದಿಗೂ ಬೆರೆಯದ ಲೋಹವೆಂಬ ಅದರ ಖ್ಯಾತಿಯೂ ಇಲ್ಲಿ ಪೂರ್ತಿ ನಿಲ್ಲುವುದಿಲ್ಲ: ಸುಮಾರು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚಿನ್ನದ ಪರಮಾಣುಗಳು ನಡುವಿನ ಸಾವಯವ ಪದರವನ್ನು ದಾಟಿ ಪೆರೋವ್‌ಸ್ಕೈಟ್‌ನೊಳಗೆ ಸೇರುತ್ತವೆಂದು 2016ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನ ಸಂಶೋಧಕರು ತೋರಿಸಿದರು. ಬೆಳ್ಳಿ ಅಗ್ಗ, ವಾಹಕವಾಗಿ ಎಲ್ಲಕ್ಕಿಂತ ಮೇಲು. ಆದರೆ ಪೆರೋವ್‌ಸ್ಕೈಟ್‌ನಿಂದ ಹೊರಬರುವ ಅಯೋಡಿನ್ ಅದನ್ನು ಹಳದಿ ಬಣ್ಣದ ಸಿಲ್ವರ್ ಅಯೋಡೈಡ್ ಆಗಿಸುತ್ತದೆ, ತೇವವಿದ್ದರಂತೂ ಇನ್ನೂ ಬೇಗ.

ನನಗೆ ಹೆಚ್ಚು ಹಿಡಿಸಿರುವುದು ಇಂಗಾಲ. ಗ್ರಾಫೈಟ್ ಮತ್ತು ಕಾರ್ಬನ್ ಬ್ಲ್ಯಾಕ್ (ಮಸಿಯಂಥ ನುಣ್ಣನೆಯ ಇಂಗಾಲದ ಪುಡಿ) ಬೆರೆಸಿದ ಪೇಸ್ಟನ್ನು ಸ್ಕ್ರೀನ್ ಪ್ರಿಂಟಿಂಗ್‌ನಿಂದಲೇ ಬಳಿಯಬಹುದು. ಅದರ ಕಾರ್ಯಫಲನ 5ರ ಆಸುಪಾಸಿನಲ್ಲಿದೆ. ಅಯೋಡಿನ್‌ಗೆ ಅದು ಬಗ್ಗುವುದಿಲ್ಲ. ಹತ್ತು ಮೈಕ್ರೊಮೀಟರ್‌ನಷ್ಟು ದಪ್ಪದ, ನೀರನ್ನು ಹತ್ತಿರ ಸೇರಿಸದ ಈ ಪದರ, ಜಡಿಮಳೆಗೆ ಗೋಡೆ ನೆನೆಯದಂತೆ ನಮ್ಮಲ್ಲಿ ಕಟ್ಟುವ ಅಡಿಕೆ ಸೋಗೆಯ ತಟ್ಟಿಯ ಹಾಗೆ, ಒಳಗಿನದನ್ನು ಕಾಯುವ ಕೆಲಸವನ್ನೂ ಮಾಡುತ್ತದೆ. ಚೀನಾದ ವುಹಾನ್‌ನಲ್ಲಿ ಹಾನ್ ಹಾಂಗ್‌ವೇ ಅವರ ತಂಡ ಟೈಟಾನಿಯಂ ಡೈಆಕ್ಸೈಡ್, ಜಿರ್ಕೋನಿಯಂ ಡೈಆಕ್ಸೈಡ್ ಮತ್ತು ಇಂಗಾಲದ ಮೂರು ರಂಧ್ರಮಯ ಪದರಗಳನ್ನು ಮೊದಲೇ ಮುದ್ರಿಸಿ, ಪೆರೋವ್‌ಸ್ಕೈಟ್ ದ್ರಾವಣವನ್ನು ಇಂಗಾಲದ ಮೇಲಿನಿಂದಲೇ ಇಂಗಿಸಿತು. ಎಲೆಕ್ಟ್ರೋಡ್ ಮೊದಲು, ಬೆಳಕು ಹೀರುವ ವಸ್ತು ಆಮೇಲೆ! 2014ರಲ್ಲಿ ಪ್ರಕಟವಾದ ಆ ಕೋಶದ ದಕ್ಷತೆ ಶೇ. 12.8, ತೆರೆದ ಗಾಳಿಯಲ್ಲಿ, ಪೂರ್ಣ ಬೆಳಕಿನಲ್ಲಿ, ಅದು 1000 ಗಂಟೆಗೂ ಮೀರಿ ಸ್ಥಿರವಾಗಿತ್ತು.

ಕೊರತೆ ಇರುವುದು ರೋಧದಲ್ಲಿ. ಲೋಹದ ತೆಳುಪದರದ ಹಾಳೆರೋಧ (ಪದರದ ಉದ್ದಕ್ಕೂ ಹರಿಯುವ ಪ್ರವಾಹಕ್ಕೆ ಎದುರಾಗುವ ರೋಧ) ಒಂದು ಓಮ್ ಕೂಡ ಮುಟ್ಟದಿರುವಾಗ ಇಂಗಾಲದ್ದು ಹತ್ತರ ಸುತ್ತ ಇರುತ್ತದೆ. ಮುಂಬದಿಯ ಗಾಜಿನ ಮೇಲಿರುವ ಫ್ಲೋರಿನ್ ಬೆರೆತ ಟಿನ್ ಆಕ್ಸೈಡ್‌ನದೂ ಅಷ್ಟೇ. ಆದ್ದರಿಂದ ದೊಡ್ಡ ಫಲಕವನ್ನು ಲೇಸರ್‌ನಿಂದ ಕಿರಿದಾದ ಪಟ್ಟಿಗಳಾಗಿ ಸೀಳಿ ಸರಣಿಯಲ್ಲಿ ಜೋಡಿಸುತ್ತಾರೆ. ನಷ್ಟವು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ ಪ್ರವಾಹ ತಗ್ಗಿ ವೋಲ್ಟೇಜ್ ಏರಿದರೆ ಲಾಭವೇ. ಲೋಹದಂತೆ ಇಂಗಾಲವು ಉಳಿದ ಬೆಳಕನ್ನು ಒಳಕ್ಕೆ ಪ್ರತಿಫಲಿಸುವುದೂ ಇಲ್ಲ. ಲೋಹದ ಎಲೆಕ್ಟ್ರೋಡ್‌ಗಳಿರುವ ಪುಟ್ಟ ಕೋಶಗಳು ಶೇ. 26 ದಾಟಿರುವಾಗ ಇಂಗಾಲದವು ಹಿಂದುಳಿದಿರುವುದಕ್ಕೆ ಇವೂ ಕಾರಣ.

ಆದರೂ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಬೀಳುವ ಆಗುಂಬೆಯಂಥ ಊರಿಗಾಗಿ ಆರಿಸುವುದಾದರೆ, ದಕ್ಷತೆಯಲ್ಲಿ ಕೆಲವು ಅಂಕ ಬಿಟ್ಟುಕೊಟ್ಟು ನಾನು ಇಂಗಾಲವನ್ನೇ ಆರಿಸುತ್ತೇನೆ. ಅಂಚುಗಳನ್ನು ಬ್ಯುಟೈಲ್ ರಬ್ಬರಿನಿಂದ ಮುಚ್ಚುವ ಕೆಲಸ ಆಗಲೂ ತಪ್ಪುವುದಿಲ್ಲ, ಏಕೆಂದರೆ ಒಳಗಿರುವುದು ವಿಷಕಾರಿಯಾದ ಸೀಸ.

ಸಿಲಿಕಾನ್ ಮೇಲೆ ಪೆರೋವ್‌ಸ್ಕೈಟ್ ಕೂರಿಸುವ ಜೋಡಿ ಕೋಶಕ್ಕೆ ಮಾತ್ರ ಈ ಆಯ್ಕೆ ಒಗ್ಗದು. ಅಲ್ಲಿ ಮೇಲಿನ ಎಲೆಕ್ಟ್ರೋಡ್ ಪಾರದರ್ಶಕವಾಗಿರಬೇಕು, ಅದಕ್ಕಾಗಿ ಇಂಡಿಯಂ ಆಕ್ಸೈಡ್ ಸಿಂಪಡಿಸುವಾಗ ಕೆಳಗಿನ ಮೃದು ಪದರಗಳು ಹಾಳಾಗದಂತೆ ಟಿನ್ ಆಕ್ಸೈಡ್‌ನ ತೆಳು ರಕ್ಷೆ ಹಾಕಬೇಕು. ಸೋಮವಾರದ ತರಗತಿಗೆ ಆ ಭಾಗವನ್ನು ಇಟ್ಟುಕೊಂಡಿದ್ದೇನೆ.